ಹಲಗೆಯ ಮೇಲಿನ ಹೆಸರು

ನಾನು ಅಕ್ಷರ ಕಲಿತದ್ದು ಗುಬ್ಬಿಯ ರೈಲು ನಿಲ್ದಾಣದಲ್ಲಿ ಎಂದರೆ ನಗುವವರೇ ಹೆಚ್ಚು. ಆದರೆ ಮಾತು ಸುಳ್ಳಲ್ಲ. ಗಾಡಿ ಬರುವುದಕ್ಕೆ ಒಂದು ಗಂಟೆ ಮೊದಲೇ ಹೋಗಿ ಕೂರುವುದು ನಮ್ಮಪ್ಪನ ಅಭ್ಯಾಸ. ಆ ಒಂದು ಗಂಟೆಯಲ್ಲಿ ನನಗೆ ನೋಡಲು ಇದ್ದದ್ದು ಒಂದೇ ವಸ್ತು, ಹಳದಿ ಹಲಗೆ. ಅದರ ಮೇಲೆ ಕಪ್ಪು ಬಣ್ಣದಲ್ಲಿ ನಮ್ಮೂರ ಹೆಸರು ಮೂರು ಸಲ ಬರೆದಿತ್ತು. ಮೇಲೆ ಕನ್ನಡ, ಆಮೇಲೆ ಹಿಂದಿ, ಕೊನೆಗೆ ಇಂಗ್ಲಿಷು. ಗಕಾರಕ್ಕೆ ಕೊಂಬು, ಬಕಾರಕ್ಕೆ ಗುಡಿಸು, ಅದರಡಿ ಮತ್ತೊಂದು ಬಕಾರದ ಒತ್ತು ಎಂದು ಅಪ್ಪ ಬೆರಳು ಮಾಡಿ ತೋರಿಸುತ್ತಿದ್ದರು. ಶಾಲೆಗೆ ಸೇರುವ ಹೊತ್ತಿಗೆ ನನಗೆ ಒತ್ತಕ್ಷರ ಬರುತ್ತಿತ್ತು, ಅಆಇಈ ಬರುತ್ತಿರಲಿಲ್ಲ.

ಅದೇ ನಿಲ್ದಾಣದ ಕಟ್ಟೆಯ ಮೇಲೆ ತುಮಕೂರಿಗೆ ಹೋಗುವ ಮೂಟೆಗಳು ಬಿದ್ದಿರುತ್ತಿದ್ದವು. ಅವುಗಳ ಮೇಲೆ ಊರ ಹೆಸರಿರಲಿಲ್ಲ, ಬಳಿದ ಬಣ್ಣದಲ್ಲಿ ಎರಡೇ ಇಂಗ್ಲಿಷ್ ಅಕ್ಷರ. ಟಿ, ಕೆ. ಇದೇನೆಂದು ಕೇಳಿದೆ. "ಅದು ತುಮಕೂರು. ರೈಲಿನವರು ತಮ್ಮತಮ್ಮಲ್ಲಿ ಹಾಗೆ ಕರೆದುಕೊಳ್ಳುತ್ತಾರೆ. ಮೂಟೆಗೆ ಅದು ಸಾಕು. ಮನುಷ್ಯರಿಗೆ ಹಲಗೆ ಬೇಕು" ಎಂದರು ಅಪ್ಪ. ಅವರು ದೊಡ್ಡ ಓದು ಓದಿದವರಲ್ಲ. ಆದರೆ ಈಗ ನಾನು ಬರೆಯಹೊರಟಿರುವ ವಿಷಯದಲ್ಲಿ ಇಪ್ಪತ್ತು ಮೂವತ್ತು ವರ್ಷ ತಜ್ಞರು ಜಗ್ಗಾಡಿದ ಪ್ರಶ್ನೆಗೆ ಅವರು ಕಟ್ಟೆಯ ಮೇಲೆ ಕೂತೇ ಉತ್ತರ ಕೊಟ್ಟಿದ್ದರು ಎಂದು ನನಗೆ ಅನ್ನಿಸುತ್ತದೆ.

ಆ ಹಲಗೆಯೂ ಆ ಮೂಟೆಯೂ ಮತ್ತೆ ನೆನಪಾದದ್ದು 2022ರಲ್ಲಿ, ಕುಣಿಗಲ್ಲಿನಲ್ಲಿ. ನನ್ನ ಚಿಕ್ಕಮ್ಮ ಅಲ್ಲಿ ಒಬ್ಬರೇ ಇದ್ದಾರೆ. ನಾಲ್ಕನೆಯ ಇಯತ್ತೆಯವರೆಗೆ ಓದಿದವರು, ಕನ್ನಡ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವವರು. ಇಂಗ್ಲಿಷ್ ಒಂದಕ್ಷರವೂ ಬಾರದು. ಅವರ ಕೈಫೋನಿಗೆ ಒಂದು ಸಂದೇಶ ಬಂತು. ಕರೆಂಟಿನ ಬಿಲ್ಲು ಬಾಕಿಯಿದೆ, ಈ ರಾತ್ರಿಯೇ ಕಿತ್ತುಹಾಕುತ್ತೇವೆ, ಕೆಳಗಿನ ವಿಳಾಸವನ್ನು ಒತ್ತಿ ಎಂದು. ಸಂದೇಶ ಅಚ್ಚ ಕನ್ನಡದಲ್ಲಿತ್ತು, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ. ಅವರು ಒತ್ತಿದರು. 11 ಸಾವಿರ ರೂಪಾಯಿ ಹೋಯಿತು. ನಾನು ಹೋಗಿ, "ವಿಳಾಸವನ್ನಾದರೂ ನೋಡಬಾರದಿತ್ತೇ, ಅದು ಸರ್ಕಾರದ್ದಲ್ಲ ಎಂದು ಗೊತ್ತಾಗುತ್ತಿತ್ತಲ್ಲ" ಎಂದು ರೇಗಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ನೋಡಿದೆನಪ್ಪ. ಸರ್ಕಾರದ್ದೂ ಹಾಗೇ ಕಾಣುತ್ತದೆ, ಕಳ್ಳರದ್ದೂ ಹಾಗೇ ಕಾಣುತ್ತದೆ" ಎಂದರು.

ರೇಗಿದ್ದಕ್ಕೆ ನನಗೆ ನಾಚಿಕೆಯಾಯಿತು. ಹಲಗೆಯಿಲ್ಲದ ನಿಲ್ದಾಣದಲ್ಲಿ ಅವರನ್ನು ಇಳಿಸಿ, ತಪ್ಪು ಊರಲ್ಲಿ ಏಕೆ ಇಳಿದೆ ಎಂದು ಕೇಳಿದಂತಾಗಿತ್ತು.

ಅಂತರಜಾಲದ ವಿಳಾಸಗಳಿಗೆ ಈ ಗತಿ ಬಂದದ್ದು ಹೇಗೆಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಅಮೆರಿಕದ ಪಾಲ್ ಮೊಕಾಪೆಟ್ರಿಸ್ ಎಂಬಾತ 1983ರಲ್ಲಿ ಡೊಮೇನ್ ಹೆಸರುಗಳ ವ್ಯವಸ್ಥೆಯನ್ನು ರೂಪಿಸಿದ. ಯಂತ್ರಗಳಿಗೆ ಇರುವುದು ಅಂಕಿಗಳ ವಿಳಾಸ. ಅದನ್ನು ಮನುಷ್ಯರು ನೆನಪಿಡಲಾರರು, ಆದ್ದರಿಂದ ಹೆಸರು. ಹೀಗೆ ಮನುಷ್ಯರಿಗೋಸ್ಕರವೇ ಹುಟ್ಟಿದ ವ್ಯವಸ್ಥೆ ಇದು. ಆದರೆ ಆಗ ಲೆಕ್ಕಕ್ಕೆ ಬಂದ ಮನುಷ್ಯರು ಇಂಗ್ಲಿಷ್ ಓದುವವರು ಮಾತ್ರ. ಇಪ್ಪತ್ತಾರು ಅಕ್ಷರ, ಹತ್ತು ಅಂಕಿ, ಒಂದು ಅಡ್ಡಗೆರೆ. ಚುಕ್ಕೆಯಿಂದ ಚುಕ್ಕೆಗೆ 63 ಅಕ್ಷರ ಮೀರಬಾರದು. ಇಷ್ಟರಲ್ಲೇ ಜಗತ್ತಿನ ಊರುಗಳೆಲ್ಲ ಹೊಂದಿಕೊಳ್ಳಬೇಕಾಯಿತು.

ನಮ್ಮೂರುಗಳಿಗೆ ಇಂಥ ಹೊಂದಿಕೆ ಹೊಸದಲ್ಲ ಎನ್ನಿ. ಬಿ. ಎಲ್. ರೈಸ್ ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ತಂದಾಗ ಶಾಸನಪಾಠವನ್ನು ಕನ್ನಡ ಲಿಪಿಯಲ್ಲೂ ಕೊಟ್ಟ, ರೋಮನ್ ಲಿಪಿಯಲ್ಲೂ ಕೊಟ್ಟ. ವಿದ್ವಾಂಸನಾದ ಅವನು ಎರಡನ್ನೂ ಉಳಿಸಿದ. ಕಚೇರಿಯ ಗುಮಾಸ್ತೆಗಳಿಗೆ ಅಷ್ಟು ವ್ಯವಧಾನವಿರಲಿಲ್ಲ. ಇಂಗ್ಲಿಷಿನಲ್ಲಿ ತುಮಕೂರು ತುಮ್ಕುರ್ ಆಗಿ ನೂರಾರು ವರ್ಷ ನಡೆಯಿತು. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ತಿದ್ದಿದಾಗ ಅದು ಮತ್ತೆ ತುಮಕೂರು ಆಯಿತು. ಅಂದು ನಗರದಲ್ಲಿ ಕೆಲವರು, ಎರಡು ಅಕ್ಷರ ಸೇರಿಸಿದರೆ ಏನು ಬಂತು ಎಂದರು. ನನಗಂತೂ ಸಂತೋಷವಾಯಿತು. ಆದರೆ ಆ ತಿದ್ದುಪಡಿಯೂ ಇಂಗ್ಲಿಷ್ ಅಕ್ಷರದಲ್ಲಿಯೇ ಆದದ್ದು. ಚಿಕ್ಕಮ್ಮನ ಕಷ್ಟ ಅದರಿಂದ ತೀರುವಂಥದ್ದಲ್ಲ.

ಬೇರೆ ಲಿಪಿಗಳಲ್ಲೂ ವಿಳಾಸ ಇರಬೇಕೆಂಬ ಪ್ರಸ್ತಾಪವನ್ನು 1996ರಲ್ಲಿ ಮಾರ್ಟಿನ್ ಡ್ಯೂರ್ಸ್ಟ್ ಮುಂದಿಟ್ಟ. 1998ರ ಸುಮಾರಿಗೆ ಸಿಂಗಪುರದ ವಿಶ್ವವಿದ್ಯಾಲಯದಲ್ಲಿ ತಾನ್ ಟಿನ್ ವೀ ಮತ್ತು ಸಂಗಡಿಗರು ಅದನ್ನು ಪ್ರಯೋಗ ಮಾಡಿ ತೋರಿಸಿದರು. ಕೊನೆಗೆ 2003ರ ಮಾರ್ಚಿನಲ್ಲಿ ಒಂದು ನಿಯಮ ಸಿದ್ಧವಾಯಿತು. ಅದರ ಉಪಾಯ ಸರಳ. ಹಳೆಯ ಯಂತ್ರಗಳನ್ನು ಬದಲಿಸುವುದು ಬೇಡ. ಬೇರೆ ಲಿಪಿಯ ಹೆಸರನ್ನು ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳ ಒಂದು ಸಂಕೇತವಾಗಿ ಮಡಿಚಿ ಒಳಗೆ ಕಳಿಸುವುದು, ಓದುವವನ ಮುಂದೆ ಬಿಚ್ಚಿ ತೋರಿಸುವುದು. ಮಡಿಚುವ ಈ ವಿದ್ಯೆಗೆ ಪ್ಯೂನಿಕೋಡ್ ಎಂದು ಹೆಸರು, ಅದನ್ನು ಬರೆದವನು ಆಡಂ ಕಾಸ್ಟೆಲೊ. ಮಡಿಚಿದ ಹೆಸರೆಲ್ಲ ಎಕ್ಸ್, ಎನ್, ಎರಡು ಅಡ್ಡಗೆರೆಯಿಂದ ಆರಂಭವಾಗುತ್ತದೆ. ಅಂದರೆ ಮೂಟೆಗೊಂದು ಗುರುತು, ಮನುಷ್ಯರಿಗೊಂದು ಹಲಗೆ. ನಮ್ಮಪ್ಪನ ಸೂತ್ರವೇ.

2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ, ಎಮಿರೇಟುಗಳ ಅರಬ್ಬೀ ಹೆಸರುಗಳೂ, ಆಮೇಲೆ ರಷ್ಯದ ಹೆಸರೂ ವಿಳಾಸದ ಕೊನೆಯ ತುಂಡಾಗಿ ಜಾಲಕ್ಕೆ ಬಂದವು. ನಾಗರಿಯ 'ಭಾರತ' 2014ರಲ್ಲಿ ಬಳಕೆಗೆ ತೆರೆಯಿತು. ಕೆಲವು ವರ್ಷಗಳಲ್ಲಿ ಕನ್ನಡ ಅಕ್ಷರದ 'ಭಾರತ'ವೂ ಬಂತು. ಈಗ ಹೆಸರು, ಚುಕ್ಕೆ, ಆಮೇಲೆ ಭಾರತ ಎಂದು ಪೂರ್ತಿ ಕನ್ನಡದಲ್ಲಿ ವಿಳಾಸ ಕೊಳ್ಳಬಹುದು.

ಚಿಕ್ಕಮ್ಮನ ಪ್ರಸಂಗವಾದ ಮರುವರ್ಷ ನಾವು ನಾಲ್ಕಾರು ಜನ ಕುಣಿಗಲ್ ಕೆರೆಯ ಬಗೆಗಿನ ಹಳೆಯ ಲೇಖನ, ಚಿತ್ರ, ಹಾಡಿನ ಪಾಠಾಂತರಗಳನ್ನು ಒಂದೆಡೆ ಸೇರಿಸಿ ಜಾಲದಲ್ಲಿ ಇಡಬೇಕೆಂದು ಹೊರಟೆವು. ವಿಳಾಸ ಕನ್ನಡದಲ್ಲೇ ಇರಬೇಕೆಂದು ಹಟ ಹಿಡಿದವನು ನಾನು. ನಮ್ಮ ನೆಂಟರ ಹುಡುಗನೊಬ್ಬ ಇಂಥದ್ದರಲ್ಲಿ ಗಟ್ಟಿಗ. ಅವನು ಹೆಸರು ಕೊಂಡು ನನಗೆ ಮಿಂಚಂಚೆ ಕಳಿಸಿದ. ತೆರೆದು ನೋಡಿದರೆ ಎಕ್ಸ್, ಎನ್, ಎರಡು ಅಡ್ಡಗೆರೆ, ಅದರ ಹಿಂದೆ ಅಕ್ಷರ ಅಂಕಿಗಳ ಒಂದು ಜಲ್ಲಿರಾಶಿ. ನಾನು ಕೇಳಿದ್ದು ಹಲಗೆ, ಬಂದದ್ದು ಮೂಟೆ.

ಹುಡುಗನಿಗೆ ಫೋನು ಮಾಡಿದೆ. ಕೆಲವು ತಂತ್ರಾಂಶಗಳು ಬಿಚ್ಚಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ, ಎಲ್ಲ ಸುರಕ್ಷತೆಗಾಗಿ ಎಂದ. ಯಾರ ಸುರಕ್ಷತೆ ಎಂದು ಕೇಳಿದೆ. ಅವನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ಹೋದದ್ದರ ಫಲ ಈ ಬರಹ.

ಭಯ ಶುರುವಾದದ್ದು ಹೀಗೆ. ರಷ್ಯನ್ ಲಿಪಿಯಲ್ಲಿ ಎ, ಸಿ, ಓ, ಪಿ ಮುಂತಾದ ಇಂಗ್ಲಿಷ್ ಅಕ್ಷರಗಳನ್ನೇ ಹೋಲುವ ಅಕ್ಷರಗಳಿವೆ. ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. 2002ರಲ್ಲಿ ಗಬ್ರಿಲೋವಿಚ್ ಮತ್ತು ಗೊಂಟ್ಮಾಕರ್ ಎಂಬ ಇಬ್ಬರು ರಷ್ಯನ್ ಅಕ್ಷರಗಳನ್ನು ನಡುವೆ ಸೇರಿಸಿ ಮೈಕ್ರೋಸಾಫ್ಟಿನ ಹೆಸರಿನಂತೆಯೇ ಕಾಣುವ ವಿಳಾಸವೊಂದನ್ನು ತಾವೇ ನೋಂದಾಯಿಸಿ ಎಚ್ಚರಿಸಿದರು. 2005ರ ಫೆಬ್ರವರಿಯಲ್ಲಿ ಪೇಪಾಲ್ ಹೆಸರಿನಲ್ಲಿ ಅದೇ ಬಗೆಯ ಪ್ರದರ್ಶನ ನಡೆದಾಗ ಗಾಬರಿ ಹಬ್ಬಿತು. ಫೈರ್‌ಫಾಕ್ಸ್ ಬ್ರೌಸರ್ ತನ್ನ ಮುಂದಿನ ಆವೃತ್ತಿಯಲ್ಲಿ ಬೇರೆ ಲಿಪಿಯ ಎಲ್ಲ ಹೆಸರುಗಳನ್ನೂ ಸಂಕೇತವಾಗಿಯೇ ತೋರಿಸತೊಡಗಿತು. ನೆರೆಮನೆಗೆ ಕಳ್ಳ ಬಂದನೆಂದು ಊರಿನ ಹಲಗೆಗಳನ್ನೆಲ್ಲ ಕಿತ್ತಂತಾಯಿತು ಇದು. ಆಮೇಲೆ, ನೋಂದಣಿಯಲ್ಲಿ ಕಟ್ಟುನಿಟ್ಟಾಗಿರುವ ಕೊನೆತುಂಡುಗಳಿಗೆ ಮಾತ್ರ ವಿನಾಯಿತಿ ಎಂದು ಪಟ್ಟಿ ಮಾಡಿದರು. 2006ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಏಳನೆಯ ಆವೃತ್ತಿ ಬೇರೆ ದಾರಿ ಹಿಡಿಯಿತು. ನಿಮ್ಮ ಗಣಕದಲ್ಲಿ ಯಾವ ಭಾಷೆಯನ್ನು ಆರಿಸಿಕೊಂಡಿದ್ದೀರೋ ಆ ಭಾಷೆಯ ಲಿಪಿಯಾದರೆ ಬಿಚ್ಚಿ ತೋರಿಸುವುದು, ಇಲ್ಲವಾದರೆ ಇಲ್ಲ. ಕೇಳಲು ನ್ಯಾಯವೇ. ಆದರೆ ಕನ್ನಡಿಗರ ಗಣಕದಲ್ಲಿ ಆಗ ಕನ್ನಡವನ್ನು ಆರಿಸಿಟ್ಟುಕೊಂಡವರು ಎಷ್ಟು ಜನ? ಅಂಗಡಿಯಿಂದ ಬಂದ ಇಂಗ್ಲಿಷೇ ಎಲ್ಲರ ಯಂತ್ರದಲ್ಲಿತ್ತು.

ಮುಂದೆ ಇನ್ನೊಂದು ನಿಯಮ ನೆಲೆಯೂರಿತು. ಹೆಸರಿನ ಅಕ್ಷರಗಳೆಲ್ಲ ಒಂದೇ ಲಿಪಿಯವಾದರೆ ಅದನ್ನು ಹಾಗೆಯೇ ತೋರಿಸುವುದು, ಲಿಪಿಗಳು ಅನುಮಾನಾಸ್ಪದವಾಗಿ ಬೆರೆತಿದ್ದರೆ ಸಂಕೇತ. ಫೈರ್‌ಫಾಕ್ಸ್ 2013ರಲ್ಲಿ ಇತ್ತ ತಿರುಗಿತು, ಕ್ರೋಮ್ 2016ರಲ್ಲಿ. ಇಷ್ಟಾದರೂ ಕಳ್ಳನಿಗೆ ಸಂದು ಸಿಕ್ಕದಿರಲಿಲ್ಲ. 2017ರ ಏಪ್ರಿಲ್‌ನಲ್ಲಿ ಒಬ್ಬ ಸಂಶೋಧಕ ಐದೂ ಅಕ್ಷರಗಳನ್ನು ರಷ್ಯನ್ ಲಿಪಿಯಿಂದಲೇ ತೆಗೆದುಕೊಂಡು ಆ್ಯಪಲ್ ಎಂದು ಕಾಣುವ ವಿಳಾಸ ಮಾಡಿ ತೋರಿಸಿದ. ಲಿಪಿ ಬೆರೆತಿಲ್ಲ, ನಿಯಮ ಮುರಿದಿಲ್ಲ! ಕ್ರೋಮ್ ಕೂಡಲೇ ಅಂಥ ಹೆಸರುಗಳನ್ನು ಸಂಕೇತಕ್ಕೆ ತಿರುಗಿಸಿತು. ಫೈರ್‌ಫಾಕ್ಸಿನವರು ಒಪ್ಪಲಿಲ್ಲ. ಒಂದನ್ನೊಂದು ಹೋಲುವ ಹೆಸರುಗಳನ್ನು ಇಬ್ಬರಿಗೆ ಮಾರದಂತೆ ನೋಡಿಕೊಳ್ಳುವುದು ನೋಂದಣಿಯವರ ಕೆಲಸ, ಇಂಗ್ಲಿಷೇತರ ಲಿಪಿಗಳನ್ನು ಎರಡನೆಯ ದರ್ಜೆಗೆ ತಳ್ಳಲಾರೆವು ಎಂಬುದು ಅವರ ವಾದ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಈ ಜಗಳವೆಲ್ಲ ನಡೆದದ್ದು ಇಂಗ್ಲಿಷ್ ಓದುವವನು ಮೋಸಹೋಗಬಾರದು ಎಂಬ ಕಾಳಜಿಯಿಂದ. ಕನ್ನಡ ಓದುವವನು ಮೋಸಹೋಗುವ ದಾರಿಗಳು ಬೇರೆ. ಅವನ್ನು ತಿಳಿಯಲು ನಾನು ದೂರ ಹೋಗಬೇಕಾಗಲಿಲ್ಲ. ಸಿದ್ಧಗಂಗೆ, ಗುಬ್ಬಿ, ಕುಣಿಗಲ್ ಎಂಬ ಮೂರು ಹೆಸರುಗಳೇ ಸಾಕಾದವು.

ಸಿದ್ಧಗಂಗೆಯಿಂದ ತೊಡಗುತ್ತೇನೆ. ತುಮಕೂರಿನಲ್ಲಿ ನಾನು ಬಹಳ ವರ್ಷ ಒಂದು ಸಣ್ಣ ಅಚ್ಚುಕೂಟ ನಡೆಸಿದೆ. ಮೊಳೆ ಜೋಡಿಸುವ ಕಾಲದಲ್ಲಿ 'ಗಂಗೆ' ಎಂಬಲ್ಲಿನ ಅನುಸ್ವಾರದ ಮೊಳೆ ತೀರಿದರೆ ಅಂಕಿಗಳ ಮನೆಯಿಂದ ಸೊನ್ನೆಯ ಮೊಳೆ ತೆಗೆದು ಕೂರಿಸುತ್ತಿದ್ದೆವು. ಯಾವ ಓದುಗನೂ ಕಂಡುಹಿಡಿಯಲಿಲ್ಲ. ಕಂಡುಹಿಡಿಯುವುದಾದರೂ ಏನು, ಅನುಸ್ವಾರಕ್ಕೆ ನಾವು ಕರೆಯುವ ಹೆಸರೇ ಸೊನ್ನೆ. ಗಣಕ ಬಂದ ಮೇಲೂ ಕೈಯ ಅಭ್ಯಾಸ ಹೋಗಲಿಲ್ಲ. ಬರಹ, ನುಡಿಗಳಂಥ ತಂತ್ರಾಂಶ ಬಂದ ಕಾಲದಲ್ಲಿ ಅದೆಷ್ಟೋ ಜನ ಅನುಸ್ವಾರದ ಜಾಗದಲ್ಲಿ ಅಂಕಿಯನ್ನೇ ಒತ್ತುತ್ತಿದ್ದರು. ಸಿದ್ಧಗಂಗೆಯ ಜಾತ್ರೆಯ ಬಗೆಗಿನ ಬರಹಗಳ ಒಂದು ಸಂಚಿಕೆಯನ್ನು ಯೂನಿಕೋಡಿಗೆ ಪರಿವರ್ತಿಸಿ 'ಗಂಗೆ' ಎಂದು ಹುಡುಕಿದೆ. ಅರ್ಧಕ್ಕರ್ಧ ಸಿಗಲಿಲ್ಲ. ಕಣ್ಣೆದುರು ಗಂಗೆ ಇದ್ದಾಳೆ, ಯಂತ್ರ ಇಲ್ಲವೆನ್ನುತ್ತದೆ! ಎರಡು ದಿನ ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು: ಕೆಲವು ಗಂಗೆಗಳಲ್ಲಿ ಅನುಸ್ವಾರ, ಕೆಲವು ಗಂಗೆಗಳಲ್ಲಿ ಅಂಕಿ.

ಹುಡುಕಾಟದಲ್ಲಿ ಇದು ಬರೀ ತೊಂದರೆ. ವಿಳಾಸದಲ್ಲಿಯಾದರೆ ಅಪಾಯ. ಅನುಸ್ವಾರದ ಗಂಗೆ ಒಬ್ಬರದು, ಅಂಕಿಯ ಗಂಗೆ ಇನ್ನೊಬ್ಬರದು ಆಗಬಹುದಲ್ಲ. ಇಲ್ಲಿ ಲಿಪಿ ಬೆರೆತಿಲ್ಲ, ಎರಡೂ ಕನ್ನಡವೇ. ಒಂದೇ ಲಿಪಿ ಎಂಬ ನಿಯಮ ಇಲ್ಲಿ ಕಾಯಲಾರದು. ಯೂನಿಕೋಡಿನವರು ಹೋಲುವ ಅಕ್ಷರಗಳ ದೊಡ್ಡ ಪಟ್ಟಿಯೊಂದನ್ನು ಮಾಡಿದ್ದಾರೆ. ಅದರಲ್ಲಿ ಕನ್ನಡದ ಅನುಸ್ವಾರ, ಕನ್ನಡದ ಸೊನ್ನೆ, ಇಂಗ್ಲಿಷಿನ ಓ ಒಂದೇ ಗುಂಪಿನಲ್ಲಿವೆ. ಪಟ್ಟಿಯಿದೆ, ನಿಜ. ಆದರೆ ಪದದ ನಡುವೆ ಅಕ್ಷರದ ಪಕ್ಕದಲ್ಲಿ ಅಂಕಿ ಸೊನ್ನೆ ಬಂದರೆ ಅದು ಬಹುಮಟ್ಟಿಗೆ ತಪ್ಪೋ ಮೋಸವೋ ಆಗಿರುತ್ತದೆ ಎಂಬುದನ್ನು ಕನ್ನಡ ಬಲ್ಲವರೇ ಹೇಳಬೇಕು.

ಎರಡನೆಯದು ಗುಬ್ಬಿ. ನಮ್ಮ ಜಿಲ್ಲೆಯ ಪಾವಗಡಕ್ಕೆ ಹೋದವರಿಗೆ ಗೊತ್ತು, ಅಲ್ಲಿ ತೆಲುಗು ಮನೆಮಾತು. ಆ ಕಡೆಯ ಅಂಗಡಿಯ ಫಲಕವನ್ನು ಬಸ್ಸಿನ ಕಿಟಕಿಯಿಂದ ನೋಡಿದರೆ ಅರೆಕ್ಷಣ ಕನ್ನಡವೋ ತೆಲುಗೋ ತಿಳಿಯದು. ಒಂದೇ ತಾಯಿಯ ಲಿಪಿಗಳು, ಅಚ್ಚಿನ ಯುಗದಲ್ಲಿ ಗಟ್ಟಿಯಾಗಿ ಬೇರೆಯಾದವು. ಗುಬ್ಬಿ ಎಂಬ ಹೆಸರನ್ನು ತೆಲುಗಿನಲ್ಲಿ ಬರೆದರೆ ಗಕಾರದ ತಲೆಕಟ್ಟಿನ ಒಂದು ಗೀಟು ಬಿಟ್ಟರೆ ಉಳಿದುದೆಲ್ಲ ನಮ್ಮದೇ. ಯೂನಿಕೋಡಿನಲ್ಲಿ ಮಾತ್ರ ತೆಲುಗಿಗೂ ಕನ್ನಡಕ್ಕೂ 128 ಮನೆಗಳ ಬೇರೆ ಬೇರೆ ಬೀದಿ, ಪಕ್ಕಪಕ್ಕದ ಬೀದಿ. ಅಲ್ಲಿಗೆ ಗುಬ್ಬಿಗಳು ಎರಡಾದವು. ಪೂರ್ತಿ ತೆಲುಗು ಅಕ್ಷರದ ಗುಬ್ಬಿಯೂ ಒಂದೇ ಲಿಪಿಯದ್ದು, ಅದರಲ್ಲಿ ಯಾವ ದೋಷವೂ ಇಲ್ಲ. ಸಣ್ಣ ಪರದೆಯಲ್ಲಿ, ವಿಳಾಸದ ಪಟ್ಟಿ ಎಷ್ಟೋ ಸಲ ಒತ್ತಕ್ಷರದ ಕಾಲನ್ನೇ ಕತ್ತರಿಸಿಬಿಡುವ ಫೋನಿನಲ್ಲಿ, ಆ ಗೀಟನ್ನು ಯಾರು ನೋಡುತ್ತಾರೆ?

ಇಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ ಎಂದು ಹೇಳಲೇಬೇಕು. ಜಾಲದ ಹೆಸರುಗಳ ಮೇಲ್ವಿಚಾರಣೆ ಮಾಡುವ ಐಕಾನ್ ಸಂಸ್ಥೆಗಾಗಿ ನಮ್ಮ ದೇಶದ ಒಂಬತ್ತು ಬ್ರಾಹ್ಮೀಮೂಲದ ಲಿಪಿಗಳನ್ನು ಬಲ್ಲವರ ಸಮಿತಿಯೊಂದು ಕೂತು, ಯಾವ ಅಕ್ಷರ ಸಲ್ಲುತ್ತದೆ, ಯಾವುದರ ಪಕ್ಕ ಯಾವುದು ಬರಬಹುದು, ಯಾವುದು ಯಾವುದನ್ನು ಹೋಲುತ್ತದೆ ಎಂದು ಕಟ್ಟಳೆ ಬರೆಯಿತು. ಕನ್ನಡದ ಕಟ್ಟಳೆ 2019ರಲ್ಲಿ ಜಾರಿಗೆ ಬಂತು. ಅದರಲ್ಲಿ ಅಂಕಿಗಳಿಗೆ ಪ್ರವೇಶವೇ ಇಲ್ಲ, ಆದ್ದರಿಂದ ಸೊನ್ನೆಯ ಗೊಂದಲವಿಲ್ಲ. ಕನ್ನಡ ತೆಲುಗುಗಳ ಹೋಲುವ ಅಕ್ಷರಗಳನ್ನು ಜೋಡಿಗಳೆಂದು ಒಪ್ಪಿ, ಒಂದನ್ನು ಒಬ್ಬರು ಪಡೆದರೆ ಅದರ ಜೋಡಿ ಬೇರೆಯವರ ಕೈಗೆ ಹೋಗದಂತೆ ಮಾಡಿದ್ದಾರೆ. ಆದರೆ ಈ ಕಟ್ಟಳೆ ವಿಳಾಸದ ಕೊನೆಯ ತುಂಡಿಗೆ ಮಾತ್ರ ಅನ್ವಯ. ನಾವು ನೀವು ಕೊಳ್ಳುವ ಹೆಸರು ಅದರ ಹಿಂದಿನ ತುಂಡು. ಹೆಬ್ಬಾಗಿಲಿಗೆ ಬೀಗ ಬಿದ್ದಿದೆ, ಒಳಮನೆಗಳ ಬಾಗಿಲನ್ನು ಅವರವರೇ ನೋಡಿಕೊಳ್ಳಬೇಕು.

ಮೂರನೆಯದು ಕುಣಿಗಲ್. ನಮ್ಮ ಹುಡುಗ ಕೊಂಡ ಹೆಸರನ್ನು ಬ್ರೌಸರಿನಲ್ಲಿ ಬಿಚ್ಚಿ ನೋಡಿದಾಗ ಅದು 'ಕುಣಿಗಲ್‌ಕೆರೆ' ಎಂದು ಕಾಣಲಿಲ್ಲ, 'ಕುಣಿಗಲ್ಕೆರೆ' ಎಂದು ಕಂಡಿತು. ಲಕಾರದ ಅಡಿಗೆ ಕಕಾರ ಒತ್ತಾಗಿ ಹೋಗಿ ಕೂತಿತ್ತು. ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಾಗುವುದು ಸಹಜ. ಒತ್ತಾಗದೆ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕಬೇಕು. ಅದರ ಇಂಗ್ಲಿಷ್ ಹೆಸರು ಉದ್ದ, ನಾನು ಅದನ್ನು ಕಾಣದ ಬೇಲಿ ಎನ್ನುತ್ತೇನೆ. 2003ರ ನಿಯಮ ಈ ಬೇಲಿಯನ್ನು ಕಸವೆಂದು ತಿಳಿದು ಗುಡಿಸಿಹಾಕಿತು. 2010ರಲ್ಲಿ ಬಂದ ಪರಿಷ್ಕೃತ ನಿಯಮ ಅರ್ಧಾಕ್ಷರದ ನಂತರ ಬೇಲಿ ಬರಬಹುದೆಂದು ಒಪ್ಪಿತು. ಹೀಗೆ ಹಳತು ಹೊಸತರ ನಡುವೆ ಅರ್ಥ ಬದಲಾದ ಗುರುತುಗಳು ಜಗತ್ತಿನಲ್ಲಿ ನಾಲ್ಕೇ ನಾಲ್ಕು. ಜರ್ಮನ್ನಿನ ಒಂದು ಅಕ್ಷರ, ಗ್ರೀಕಿನ ಒಂದು ಅಕ್ಷರ, ನಮ್ಮಂಥ ಲಿಪಿಗಳಿಗೆ ಬೇಕಾದ ಎರಡು ಕಾಣದ ಗುರುತು. ಆದರೆ ಬ್ರೌಸರುಗಳೆಲ್ಲ ಒಂದೇ ದಿನ ಹೊಸ ನಿಯಮಕ್ಕೆ ಬರಲಿಲ್ಲ. ಕ್ರೋಮ್ ಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಬೇಲಿಯಿದ್ದ ಹೆಸರನ್ನು ಒತ್ತಿದರೆ ಒಂದು ಬ್ರೌಸರ್ ಬೇಲಿಯನ್ನು ಉಳಿಸಿ ಒಂದು ಮನೆಗೆ, ಇನ್ನೊಂದು ಬ್ರೌಸರ್ ಬೇಲಿ ಕಿತ್ತು ಇನ್ನೊಂದು ಮನೆಗೆ ಒಯ್ಯುವ ಸಾಧ್ಯತೆಯಿತ್ತು. ಹಲಗೆಯ ಮೇಲೆ ಒಂದೇ ಹೆಸರು, ಇಳಿಯುವುದು ಮಾತ್ರ ಎರಡು ಊರಿನಲ್ಲಿ.

ಇವು ಮೂರೂ ನಿಜವಾದ ಅಪಾಯಗಳೇ. ಹಾಗಾದರೆ ಸಂಕೇತವನ್ನೇ ತೋರಿಸುವುದು ಸರಿಯಲ್ಲವೇ ಎಂದು ಯಾರಾದರೂ ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರಕ್ಕಾಗಿ ನಮ್ಮ 'ಭಾರತ'ವನ್ನೇ ಮಡಿಚಿ ನೋಡಿದೆ. ಎಕ್ಸ್, ಎನ್, ಎರಡು ಅಡ್ಡಗೆರೆ; ಆಮೇಲೆ 2, ಎಸ್, ಸಿ, ಆರ್, ಜೆ, 9, ಸಿ. ಒಡಿಯಾದ 'ಭಾರತ' 3, ಎಚ್, ಸಿ, ಆರ್, ಜೆ, 9, ಸಿ. ನಮ್ಮ ಲಿಪಿಗಳ ಬೀದಿಗಳಲ್ಲಿ ಮನೆಗಳು ಒಂದೇ ಕ್ರಮದಲ್ಲಿರುವುದರಿಂದ ಬಾಲವೂ ಒಂದೇ. ಕಣ್ಣಿಗೆ ಅಜಗಜಾಂತರವಿರುವ ಎರಡು ಲಿಪಿಗಳ ಹೆಸರು ಸಂಕೇತದಲ್ಲಿ ಅವಳಿಜವಳಿಯಾಯಿತು. ಇಂಗ್ಲಿಷ್ ಬಲ್ಲ ನನಗೇ ಇವುಗಳಲ್ಲಿ ಯಾವುದು ಯಾವುದೆಂದು ನಾಳೆಗೆ ನೆನಪಿರುವುದಿಲ್ಲ. ಚಿಕ್ಕಮ್ಮನಿಗೋ, ಸಂಕೇತವೂ ಒಂದೇ, ಅವರ 11 ಸಾವಿರ ಕದ್ದ ವಿಳಾಸವೂ ಒಂದೇ. ಅವರನ್ನು ಎಚ್ಚರಿಸಬಲ್ಲ ಹೆಸರು ಒಂದೇ ಬಗೆಯದು, ಅವರು ಓದಬಲ್ಲ ಹೆಸರು. ಅದನ್ನು ಸುರಕ್ಷತೆಯ ಹೆಸರಿನಲ್ಲಿ ಮುಚ್ಚಿಟ್ಟರೆ ಉಳಿಯುವುದು ಯಾರ ಸುರಕ್ಷತೆ?

ಇನ್ನೂ ಒಂದು ಮಾತು. ಹೋಲುವ ಅಕ್ಷರಗಳ ಪಾಪ ನಮ್ಮ ಲಿಪಿಗಳದ್ದು ಮಾತ್ರವಲ್ಲ. ಇಂಗ್ಲಿಷಿನ ಸಣ್ಣಕ್ಷರದಲ್ಲಿ ಆರ್ ಮತ್ತು ಎನ್ ಒತ್ತಾಗಿ ನಿಂತರೆ ಎಮ್ ಆಗುತ್ತದೆ. ತುಮ್ಕುರ್ ಎಂಬುದರ ಎಮ್ ತೆಗೆದು ಆರ್, ಎನ್ ಹಾಕಿ ನೋಡಿ. ಕನ್ನಡಕ ಹಾಕಿದವರೂ ಏಮಾರುತ್ತಾರೆ. ಒಂದು ಎಂಬ ಅಂಕಿಗೂ ಎಲ್ ಅಕ್ಷರಕ್ಕೂ ಇರುವ ಹೋಲಿಕೆ ಎಷ್ಟೆಂದರೆ, ಹಳೆಯ ಕೆಲವು ಇಂಗ್ಲಿಷ್ ಬೆರಳಚ್ಚು ಯಂತ್ರಗಳಲ್ಲಿ ಒಂದರ ಕೀಲಿಯೇ ಇರಲಿಲ್ಲ, ಎಲ್ ಒತ್ತಿಯೇ ಸಾಗಿಸುತ್ತಿದ್ದರು. ಅದಕ್ಕಾಗಿ ಇಂಗ್ಲಿಷ್ ಹೆಸರುಗಳನ್ನೆಲ್ಲ ಸಂಕೇತವಾಗಿ ತೋರಿಸೋಣವೆಂದು ಯಾರೂ ಹೇಳಲಿಲ್ಲ. ಮೋಸವನ್ನು ಬೇರೆ ದಾರಿಯಲ್ಲಿ ಹಿಡಿದರು. ಆ ನ್ಯಾಯ ನಮಗೂ ಸಲ್ಲಬೇಕು.

ನಾನು ತಜ್ಞನಲ್ಲ, ಹಳೆಯ ಅಚ್ಚುಕೂಟದವನು. ಆದರೂ ನನಗೆ ತೋಚಿದ್ದನ್ನು ಹೇಳುತ್ತೇನೆ. ಹೆಸರು ಪೂರ್ತಿ ಕನ್ನಡದಲ್ಲಿದ್ದು ಕನ್ನಡದ ಬರವಣಿಗೆಯ ಕ್ರಮಕ್ಕೆ ಒಪ್ಪುವಂತಿದ್ದರೆ ತಂತ್ರಾಂಶ ಅದನ್ನು ಕನ್ನಡದಲ್ಲೇ ತೋರಿಸಬೇಕು, ಯಂತ್ರದ ಭಾಷೆ ಯಾವುದೇ ಇರಲಿ. ಒತ್ತು, ಗುಡಿಸು, ಕೊಂಬು ಕತ್ತರಿಸದಷ್ಟು ಜಾಗ ಬಿಟ್ಟು ತೋರಿಸಬೇಕು. ಅನುಮಾನ ಬಂದರೆ ಸಂಕೇತವನ್ನು ಮುಖಕ್ಕೆ ಹಿಡಿಯದೆ, ಈ ಹೆಸರಿನಲ್ಲಿ ಅಂಕಿ ಇದೆ, ಈ ಅಕ್ಷರ ತೆಲುಗಿನದು ಎಂದು ಓದುವವರ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಅನುಸ್ವಾರದ ಗಂಗೆಯನ್ನು ಕೊಂಡವರಿಗೇ ಸೊನ್ನೆಯ ಗಂಗೆ, ಬೇಲಿಯ ಕುಣಿಗಲ್ಲನ್ನು ಕೊಂಡವರಿಗೇ ಒತ್ತಿನ ಕುಣಿಗಲ್ಲು ಎಂದು ಮಾರುವವರು ಬಾಗಿಲಲ್ಲೇ ಕಟ್ಟು ಮಾಡಬೇಕು. ಕಾವಲು ಅಂಗಡಿಯ ಬಾಗಿಲಲ್ಲಿರಲಿ, ಚಿಕ್ಕಮ್ಮನ ಕಣ್ಣಿನ ಮೇಲೆ ಬೇಡ.

ಇದನ್ನು ನಮ್ಮವರು ಹೋಗಿ ಕೂತು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಳಗನ್ನಡದ ೞಕಾರ ಸಾಕ್ಷಿ. ಯೂನಿಕೋಡಿನಲ್ಲಿ ಅದಕ್ಕೆ ಯಾರೋ 'ಫ' ಎಂದು ಹೆಸರಿಟ್ಟುಬಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿನ ಕಟ್ಟಳೆ. ತಪ್ಪು ತಿಳಿದ ಮೇಲೆ ಸರಿಯಾದ ಹೆಸರನ್ನು ಅಡ್ಡಹೆಸರಾಗಿ ಸೇರಿಸಿದರು, ಅಷ್ಟೆ. ಪಂಪನ ಕಾಲದ ಅಕ್ಷರ ಇಂದಿಗೂ ಆ ದಾಖಲೆಯಲ್ಲಿ ಫಕಾರವೇ.

ನಮ್ಮ ಕೆರೆಯ ಸಂಗ್ರಹ ಸಿದ್ಧವಾದಾಗ ಒಂದು ಕರಪತ್ರ ಮಾಡಿಸಿದೆವು. ಅಚ್ಚಿನ ಹುಡುಗ ಫೋನು ಮಾಡಿ, ವಿಳಾಸ ಯಾವುದನ್ನು ಹಾಕಲಿ, ಇಂಗ್ಲಿಷಿನದ್ದೋ ಕನ್ನಡದ್ದೋ ಎಂದು ಕೇಳಿದ. ಕನ್ನಡದ್ದನ್ನು ದಪ್ಪಕ್ಷರದಲ್ಲಿ ಹಾಕು, ಅದನ್ನು ಕೆಳಗೆ ಚಿಕ್ಕದಾಗಿ ಹಾಕು, ಮೂಟೆಯ ಗುರುತಿನ ಹಾಗೆ ಎಂದೆ. ಅವನಿಗೆ ಅರ್ಥವಾಗಲಿಲ್ಲ, ಹಾಕಿದ.

ಕರಪತ್ರವನ್ನು ಚಿಕ್ಕಮ್ಮನ ಕೈಯಲ್ಲಿಟ್ಟೆ. ಕನ್ನಡಕ ಏರಿಸಿಕೊಂಡು ಜೋರಾಗಿ ಓದಿದರು, "ಕುಣಿಗಲ್ಕೆರೆ." ಒತ್ತು ಹೀಗೆ ಬಿದ್ದಿರುವುದು ತಪ್ಪು, ನಡುವೆ ಬಿಡಿಸಿ ಬರೆಯಬೇಕಿತ್ತು ಎಂದು ನಾನು ವಿವರಿಸಹೊರಟೆ. "ಒತ್ತು ಕೊಟ್ಟರೇನು, ಬಿಡಿಸಿದರೇನು, ಇರುವುದು ಒಂದೇ ಕೆರೆ ತಾನೇ" ಎಂದು, ಬೆರಳಿನಿಂದ ಆ ದಪ್ಪಕ್ಷರಗಳನ್ನು ಇನ್ನೊಮ್ಮೆ ಸವರಿ, "ಇದಾದರೆ ನಮ್ಮದು ಅಂತ ಗೊತ್ತಾಗುತ್ತೆ" ಎಂದರು. ಕೆಳಗಿನ ಚಿಕ್ಕಕ್ಷರದ ಸಾಲನ್ನು ಅವರು ನೋಡಲೇ ಇಲ್ಲ. ನೋಡಬೇಕಾದ ಅಗತ್ಯವೂ ಇರಲಿಲ್ಲ.